ನೀರು ತರುವ ಬೊಂಬೆ

"ಬುದ್ಧಿ, ಕೈಕೆಲಸದಲ್ಲಿ ತನ್ನನ್ನು ತಾನು ಮರೆಯುವುದೂ ಧ್ಯಾನವೇ ಅಲ್ಲವೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಶಿಷ್ಯ. ಮಠದ ಹಾಸ್ಟೆಲಿನ ಮಕ್ಕಳಿಗೆಂದು ಭಕ್ತರೊಬ್ಬರು ಒಂದು ಮೂಟೆ ಆಟಿಕೆ ಇಟ್ಟಿಗೆ ಕೊಟ್ಟಿದ್ದರು. ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು. ಅವುಗಳಲ್ಲಿ ಮಕ್ಕಳು ಆಡಿದ್ದಕ್ಕಿಂತ ಮರುಳಯ್ಯ ಆಡಿದ್ದೇ ಹೆಚ್ಚು. ಹಳೆಯ ಟೇಪ್ ರೆಕಾರ್ಡರಿನ ಮೋಟಾರು ಸೇರಿಸಿ, ತಾನಾಗಿ ಗಂಟೆ ಬಾರಿಸುವ ಒಂದು ಬೊಂಬೆಯನ್ನು ಅವನು ಕಟ್ಟುತ್ತಿದ್ದ. ಕಟ್ಟುವಾಗ ಹಸಿವು, ನಿದ್ದೆ, ಹೊತ್ತು ಯಾವುದೂ ಅವನ ಬಳಿ ಸುಳಿಯುತ್ತಿರಲಿಲ್ಲ. ಇದೇ ದೊಡ್ಡವರು ಹೇಳುವ ಸ್ಥಿತಿ ಇರಬೇಕೆಂದು ಅವನಿಗೆ ಅನ್ನಿಸಿತ್ತು.

"ಇರಬಹುದು" ಎಂದರು ಗುರುಗಳು. "ಕೂತುಕೋ. ಆ ಸ್ಕ್ರೂಡ್ರೈವರ್ ಕೆಳಗಿಡು, ನನ್ನ ಮಾತು ಅದರಿಂದ ಬಿಗಿಯಾಗುವುದಿಲ್ಲ." ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಒಬ್ಬಳು ಅಕ್ಕ. ಚಿಕ್ಕಂದಿನಲ್ಲೇ ತಾಯಿ ಹೋದಳು. ತಮ್ಮನನ್ನು ಸಾಕಿದವಳು ಈ ಅಕ್ಕ. ಹೂ ಕಟ್ಟಿ ಮಾರಿ ಸಾಕಿದಳು. ಕೇಳಿ ಬಂದ ಗಂಡುಗಳನ್ನು, ತಮ್ಮ ದೊಡ್ಡವನಾಗಲಿ ಎಂದು ಹಿಂದಕ್ಕೆ ಕಳಿಸಿದಳು. ತಮ್ಮ ದೊಡ್ಡವನಾದ, ಗಂಡುಗಳು ಬರುವುದು ನಿಂತಿತು.

ಹುಡುಗನಿಗೆ ಮೊದಲಿನಿಂದಲೂ ಕಟ್ಟುವ ಹುಚ್ಚು. ಅಕ್ಕ ಸಾಮಿಲ್ಲಿನ ಮುಂದೆ ಬಿದ್ದಿರುತ್ತಿದ್ದ ಮರದ ತುಂಡುಗಳನ್ನು ಮಡಿಲಲ್ಲಿ ತುಂಬಿ ತರುತ್ತಿದ್ದಳು. ಅವನು ಕಟ್ಟುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಹೂ ಕಟ್ಟುತ್ತ, ಅವನು ಕೇಳಿದ ತುಂಡನ್ನು ಎತ್ತಿ ಕೊಡುತ್ತಿದ್ದಳು. ಕಟ್ಟಿದ್ದು ಕುದುರೆಯೋ ಗೋಪುರವೋ ಅವಳಿಗೆ ಎಂದೂ ತಿಳಿಯಲಿಲ್ಲ. ಆದರೂ ಚೆನ್ನಾಗಿದೆ ಎನ್ನುತ್ತಿದ್ದಳು.

ಹುಟ್ಟುಗುಣ ಸುಟ್ಟರೂ ಹೋಗದು. ಅವನು ಬೆಳೆದು ಅಂಗಡಿ ಇಟ್ಟ, ಹುಚ್ಚೂ ಬೆಳೆಯಿತು. ಮರದ ತುಂಡು ಹೋಗಿ ಪ್ಲಾಸ್ಟಿಕ್ ಇಟ್ಟಿಗೆ ಬಂತು. ಇಟ್ಟಿಗೆಯ ಜೊತೆಗೆ ಮೋಟಾರು, ಬ್ಯಾಟರಿ, ಹಲ್ಲಿನ ಚಕ್ರ ಬಂದವು. ಅಂಗಡಿ ಮುಚ್ಚಿದ ಮೇಲೆ ಅವನು ಮನೆಯ ಹಿಂದಿನ ಕೋಣೆ ಸೇರಿದರೆ ಮುಗಿಯಿತು. ನಡೆಯುವ ಆಮೆ ಕಟ್ಟಿದ, ಮೆಟ್ಟಿಲು ಹತ್ತುವ ಗಾಡಿ ಕಟ್ಟಿದ. ಮದುವೆಯಾಗಲು ಅವನಿಗೂ ಪುರುಸೊತ್ತಾಗಲಿಲ್ಲ. ಅಕ್ಕ ಹೂವಿನ ಬುಟ್ಟಿ ಹಿಡಿದು ಬಂದು, ಮೊದಲಿನಂತೆಯೇ ಅವನ ಪಕ್ಕದಲ್ಲಿ ಕೂರುತ್ತಿದ್ದಳು.

ಹೀಗಿರುವಾಗ ಅಕ್ಕನಿಗೆ ಲಕ್ವ ಹೊಡೆಯಿತು. ಕಾಲು ಬಿದ್ದುಹೋದವು. ಒಂದು ಕೈ ಮಾತ್ರ ಉಳಿಯಿತು. ಮಾತು ನಿಲ್ಲಲಿಲ್ಲ, ಆದರೆ ದನಿ ಹೊಸಲು ದಾಟುತ್ತಿರಲಿಲ್ಲ. ಅವಳ ಮಂಚ ಮುಂದಿನ ಕೋಣೆಯಲ್ಲಿ, ಅವನ ಮೇಜು ಹಿಂದಿನ ಕೋಣೆಯಲ್ಲಿ. ನೆರೆಮನೆಯ ಹೆಂಗಸು ಬೆಳಿಗ್ಗೆ ಸಂಜೆ ಬಂದು ಮೈ ತೊಳೆಸಿ, ಉಣ್ಣಿಸಿ ಹೋಗುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅಕ್ಕ ಲೋಟದಿಂದ ಮಂಚದ ಪಟ್ಟಿಗೆ ಟಕಟಕ ಬಡಿಯುತ್ತಿದ್ದಳು. ತಮ್ಮ "ಬಂದೆ" ಎನ್ನುತ್ತಿದ್ದ. ಒಮ್ಮೊಮ್ಮೆ ಬರುತ್ತಿದ್ದ, ನೀರು ಕೊಟ್ಟು ಹೋಗುತ್ತಿದ್ದ. ಹೆಚ್ಚಿನ ಸಲ "ಬಂದೆ" ಅಂದದ್ದೇ ಅವನಿಗೆ ನೆನಪಿರುತ್ತಿರಲಿಲ್ಲ.

ಅವನು ಕೆಟ್ಟವನಲ್ಲ, ಮರುಳಯ್ಯ. ಒಂದು ಸಂಜೆ ಅಕ್ಕನ ತುಟಿ ಒಣಗಿ ಒಡೆದಿದ್ದನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂತು. ನನ್ನಂಥವನನ್ನು ನಂಬಿ ಇವಳು ಕೆಟ್ಟಳು ಅಂದುಕೊಂಡ. ಹೀಗೆ ಅನ್ನಿಸಿದಾಗ ಬೇರೆ ಯಾರಾದರೂ ಮೇಜನ್ನು ಮಂಚದ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಇವನು ಒಂದು ಯಂತ್ರ ಕಟ್ಟಲು ಕೂತ.

ತುಂಬ ದಿನ ಕಷ್ಟಪಟ್ಟು ಕಟ್ಟಿದ. ಮೊಣಕಾಲೆತ್ತರದ ಬೊಂಬೆ, ಕಾಲಿನ ಬದಲು ಚಕ್ರ, ಮುಂದೆ ಚಾಚಿದ ಕೈ, ಕೈಯಲ್ಲಿ ಲೋಟ. ಮಂಚದ ತಲೆದೆಸೆಯಲ್ಲಿ ಒಂದು ದಾರ ಕಟ್ಟಿದ. ಅದರ ಇನ್ನೊಂದು ತುದಿ ಅದೇ ಕೋಣೆಯ ಮೂಲೆಯಲ್ಲಿ, ನೀರಿನ ಫಿಲ್ಟರಿನ ಬಳಿ ಬೊಂಬೆ ನಿಲ್ಲುವ ಕಡೆ. ದಾರ ಎಳೆದರೆ ಬೊಂಬೆ ಹೊರಡುತ್ತಿತ್ತು. ಮಂಚದ ಬಳಿ ನಿಂತು ಕೈ ಎತ್ತುತ್ತಿತ್ತು. ಅವಳು ಕುಡಿದು ಲೋಟ ಇಟ್ಟರೂ ಸರಿ, ಕುಡಿಯದೆ ಬಿಟ್ಟರೂ ಸರಿ, ಸ್ವಲ್ಪ ಹೊತ್ತು ಕಾದು ಹಿಂದಿರುಗುತ್ತಿತ್ತು. ಫಿಲ್ಟರಿನ ನಲ್ಲಿಯನ್ನು ತಾನೇ ಒತ್ತಿ ನೀರು ತುಂಬಿಕೊಳ್ಳುತ್ತಿತ್ತು. ಅದಕ್ಕೆ ಬಂಟ ಎಂದು ಹೆಸರಿಟ್ಟ. ನೋಡಲು ಬಂದ ಊರವರು ಮೂಗಿನ ಮೇಲೆ ಬೆರಳಿಟ್ಟರು. ಇಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಅಕ್ಕನಿಗೆ ಹೇಳಿಹೋದರು.

ಅವರು ಹೋದ ಮೇಲೆ ಅಕ್ಕ ಹೇಳಿದಳು: "ನೀರಿರ್ಲಿ ಕಣೋ. ನೀನೇ ಒಂದ್ಗಳಿಗೆ ಬಂದು ಕೂತ್ಕೊಂಡ್ರೆ ಆಗಲ್ವಾ?"

"ನಾನಾದ್ರೆ ಮರೆತುಬಿಡ್ತೀನಿ ಅಕ್ಕ. ಇದು ಮರೆಯಲ್ಲ" ಎಂದ ತಮ್ಮ.

ಅವನು ಹೇಳಿದ್ದು ನಿಜವೇ. ಅಕ್ಕ ಮತ್ತೆ ಆ ಮಾತೆತ್ತಲಿಲ್ಲ. ಕೇಳಿ ಪಡೆಯುವ ಅಭ್ಯಾಸ ಅವಳಿಗಿರಲಿಲ್ಲ.

ಆದರೆ ದಾರ ಎಳೆಯುತ್ತಿದ್ದಳು. ಬಾಯಾರಿ ಅಲ್ಲ. ಎಳೆದರೆ ತಮ್ಮನಿಗೆ ಚಕ್ರದ ಸದ್ದು ಕೇಳುತ್ತದೆ, ಕೇಳಿದರೆ ಎದ್ದು ಬರಬಹುದು ಎಂಬ ಆಸೆ. ತಮ್ಮನಿಗೆ ಸದ್ದು ಕೇಳುತ್ತಿತ್ತು. ಬಂಟ ಚೆನ್ನಾಗಿ ಓಡುತ್ತಿದೆ ಎಂದು ಅವನು ಹಿಗ್ಗುತ್ತಿದ್ದ. ಕಟ್ಟುವವರ ಕಿವಿಯೇ ಹಾಗೆ. ಯಂತ್ರ ಸದ್ದು ಮಾಡಿದರೆ ಅವರು ಯಂತ್ರವನ್ನು ಕೇಳುತ್ತಾರೆ, ಅದನ್ನು ಓಡಿಸಿದ ಕೈಯನ್ನು ಕೇಳುವುದಿಲ್ಲ.

ಅಕ್ಕ ಕುಡಿಯದೆ ಬಿಟ್ಟ ಲೋಟ ತುಂಬಿದಂತೆಯೇ ಹಿಂದಕ್ಕೆ ಬರುತ್ತಿತ್ತು. ಬಂಟನನ್ನು ನೋಡಲು ಬಂದಾಗ ತಮ್ಮ ಅದನ್ನು ಕಂಡ. ಕೈಯ ಎತ್ತರ ಹೆಚ್ಚಾಗಿದೆ, ಅಕ್ಕನಿಗೆ ಎಟಕುತ್ತಿಲ್ಲ ಎಂದುಕೊಂಡು ಎರಡು ಇಟ್ಟಿಗೆ ತೆಗೆದು ತಗ್ಗಿಸಿದ. ಮತ್ತೂ ತುಂಬಿದ ಲೋಟವೇ ಬಂತು. ಬಂಟ ಕಾಯುವುದು ಸಾಲದು ಎಂದುಕೊಂಡು ಇನ್ನಷ್ಟು ಹೊತ್ತು ನಿಲ್ಲುವಂತೆ ಮಾಡಿದ. ತುಂಬಿದ ಲೋಟಕ್ಕೆ ಮತ್ತೆ ನೀರು ಬಿದ್ದು ನೆಲ ಒದ್ದೆಯಾಗುತ್ತಿತ್ತು. ನಲ್ಲಿಯ ಕೆಳಗೊಂದು ತಟ್ಟೆ ಇಟ್ಟ. ಪ್ರತಿ ಸಲವೂ ಮುಂದಿನ ಕೋಣೆಗೆ ಬಂದು ಬೊಂಬೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಅಕ್ಕ ಮಂಚದ ಮೇಲಿಂದ ಅವನ ಬೆನ್ನು ನೋಡುತ್ತಿದ್ದಳು. ಅಷ್ಟಾದರೂ ಸಿಕ್ಕಿತಲ್ಲ ಎಂದು ಅವಳು ಇನ್ನೂ ಹೆಚ್ಚು ದಾರ ಎಳೆದಳು.

ಬಂಟ ಒಂದು ಹದಕ್ಕೆ ಬಂದ ಮೇಲೆ ತಮ್ಮ ಒಂದು ಆನೆ ಕಟ್ಟಲು ಹಿಡಿದ. ಅದು ಸೊಂಡಿಲು ಎತ್ತಿ ನಮಸ್ಕಾರ ಮಾಡಬೇಕು. ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ. ಸೊಂಡಿಲು ಅರ್ಧಕ್ಕೆ ಏಳುತ್ತಿತ್ತು, ನಡುಗಿ ಬೀಳುತ್ತಿತ್ತು. ಅವನು ಲೋಕವನ್ನೇ ಮರೆತಿದ್ದ. ಮುಂದಿನ ಕೋಣೆಯಲ್ಲಿ ಬಂಟ ಓಡಾಡುವ ಸದ್ದು ಕೇಳುತ್ತಿತ್ತು. ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಎಂದೂ ಅಷ್ಟು ಓಡಿರಲಿಲ್ಲ. ಒಂದು ಸಲವೂ ತಡವರಿಸಲಿಲ್ಲವಲ್ಲ ಎಂದು ಅವನು ತನ್ನೊಳಗೇ ನಕ್ಕ. ಆಮೇಲೆ ಸದ್ದು ನಿಂತಿತು. ನಿಂತದ್ದು ಅವನಿಗೆ ತಿಳಿಯಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ಆನೆಯ ಸೊಂಡಿಲು ಎದ್ದಿತು.

ಕಾಲಿಗೆ ತಣ್ಣಗಾದಾಗ ಅವನು ಕೆಳಗೆ ನೋಡಿದ. ನೀರು ತಟ್ಟೆ ತುಂಬಿ, ನೆಲದ ಮೇಲೆ ಹರಿದು, ಹೊಸಲು ದಾಟಿ ಅವನ ಮೇಜಿನ ಕೆಳಗೆ ಬಂದಿತ್ತು. ಎದ್ದು ಓಡಿದ. ಮೊದಲು ನಲ್ಲಿ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದ. ಬಂಟನನ್ನು ಎತ್ತಿ ಮಗುಚಿ ಚಕ್ರಗಳನ್ನು ಒರೆಸಿದ. ಮೋಟಾರಿಗೆ ನೀರು ಹೋಗಿದೆಯೇ ಎಂದು ಊದಿ ನೋಡಿದ. ಕೆಳಗಿಟ್ಟು, ಮಂಚದ ಕಡೆ ತಿರುಗದೆಯೇ ಹೇಳಿದ:

"ಅಕ್ಕಾ, ಸರಿಹೋಯ್ತು. ಒಂದ್ಸಲ ದಾರ ಎಳಿ, ನೋಡಣ."

ಬೊಂಬೆ ಕದಲಲಿಲ್ಲ. ಅವನು ಬ್ಯಾಟರಿ ಬದಲಿಸಿದ. ಮತ್ತೆ ಎಳಿ ಎಂದ. ಆಗಲೂ ಕದಲದಿದ್ದಾಗ, ದಾರವೇ ಎಲ್ಲೋ ಸಿಕ್ಕಿಕೊಂಡಿರಬೇಕೆಂದು ಅದರ ಜಾಡು ಹಿಡಿದು ಮಂಚದ ತನಕ ಬಂದ. ದಾರ ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಅಕ್ಕನ ಕೈಗೆ ಸುತ್ತಿಕೊಂಡಿತ್ತು. ಆ ಕೈ ಆಗಲೇ ತಣ್ಣಗಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯನ ಮುಖ ಬಾಡಿತ್ತು. ನೊಂದ ದನಿಯಲ್ಲಿಯೇ ಅವನು ಕೇಳಿದ: "ಬುದ್ಧಿ, ಮೇಲಿಂದ ಮೇಲೆ ದಾರ ಎಳೆದರೆ ಹಿಂದಿನ ಕೋಣೆಯಲ್ಲಿ ಗಂಟೆ ಬಾರಿಸುವಂತೆ ಬಂಟನಿಗೆ ಒಂದು ಏರ್ಪಾಟು ಮಾಡಬಹುದಿತ್ತು. ಆ ಕೊರತೆ ಅವನಿಗೆ ಹೊಳೆಯಲಿಲ್ಲವೆ?"

ಗುರುಗಳು ಅವನನ್ನೇ ನೋಡಿದರು.

"ಬಂಟನಲ್ಲಿ ಕೊರತೆ ಇರಲಿಲ್ಲಪ್ಪ, ಅವಳು ಕರೆದಾಗಲೆಲ್ಲ ಅದು ಹೋಗುತ್ತಿತ್ತು."