ಸೊನ್ನೆಗೆ ಬಿದ್ದ ಮುಳ್ಳು

"ಮತ್ತೆ ಬಂದೆಯಾ? ಕೂಸು ಈಗಷ್ಟೇ ಕಣ್ಣು ಮುಚ್ಚಿತ್ತು. ಬೆಳಗಿನಿಂದ ಇದು ನಾಲ್ಕನೇ ಸಲ. ನಿನ್ನ ತಮಟೆಗೆ ನಮ್ಮ ಬಾಗಿಲೇ ಬೇಕೇನು?" ಎಂದು ಚೆನ್ನಾಜಿ ಡಂಗುರದ ಹೊನ್ನೂರನ ಮೇಲೆ ಹರಿಹಾಯ್ದಳು.

ಸಾರದೆ ಹೋದರೆ ತನ್ನ ಬೆನ್ನೇ ತಮಟೆಯಾಗುತ್ತದೆ ಎಂದು ಹೊನ್ನೂರ ಗೊಣಗಿ, ಸಾರಿಯೇಬಿಟ್ಟ. "ಕೇಳ್ರಪ್ಪೋ ಕೇಳಿ. ಅರಮನೆಯ ಕಾಗದದ ಗಿರಣಿಗೆ ಮುಖ್ಯಸ್ಥರು ಬೇಕು. ರಾಜಕುಮಾರಿ ಸುವರ್ಚಲೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಗಿರಣಿಯ ಬೀಗದ ಕೈ, ಜೊತೆಗೆ ಕೇಳಿದ್ದೊಂದು. ತಪ್ಪಿದವರಿಗೆ ತಲೆದಂಡ."

ಈ ಸಲ 'ಕೇಳಿದ್ದೊಂದು' ಎನ್ನುವ ಮಾತು ಚೆನ್ನಾಜಿಯ ಕಿವಿಯಲ್ಲಿ ನಿಂತಿತು. ಅವಳ ಗಂಡ ಸಿದ್ಲಿಂಗ ಸೆರೆಮನೆಯಲ್ಲಿದ್ದ. ಸೋಮವಾರ ಅವನಿಗೆ ಗಲ್ಲು. ಗಿರಣಿಯ ಕಂಟ್ರೋಲ್ ರೂಮಿನಲ್ಲಿ ಕೂತು, ಅಂಗಳದಾಚೆ ಇದ್ದ ಆವಿಯ ವಾಲ್ವಿಗೆ ಎಷ್ಟು ತೆರೆ, ಎಷ್ಟು ಮುಚ್ಚು ಎಂದು ಹೇಳುವುದು ಅವನ ಕೆಲಸ. ಒಂದು ದಿನ ಕಾಗದ ಒಣಗಿಸುವ ಆ ಆವಿ ಇದ್ದಕ್ಕಿದ್ದಂತೆ ನಿಂತಿತು. ಪಟ್ಟಾಭಿಷೇಕದ ಕಾಗದವೆಲ್ಲ ಹಸಿಯಾಗಿಯೇ ಕೊಳೆಯಿತು. ಬೇಕೆಂದೇ ವಾಲ್ವು ಮುಚ್ಚಿದ್ದಾನೆ ಎಂದು ತೀರ್ಪಾಯಿತು. ಸಾಕ್ಷಿ ಏನು ಎಂದು ಚೆನ್ನಾಜಿ ಕೇಳಿದ್ದಕ್ಕೆ, ಎಲ್ಲ ಪುಸ್ತಕದಲ್ಲಿದೆ, ಕಸ ಗುಡಿಸುವವಳಿಗೆ ಅದೆಲ್ಲ ಯಾಕೆ ಎಂದು ಮಂತ್ರಿ ಗದರಿದ್ದ. ಅದೇ ಕಂಟ್ರೋಲ್ ರೂಮನ್ನು ಅವಳು ಆರು ವರ್ಷ ಗುಡಿಸಿದ್ದಳು. ಒರೆಸಿದ ಪ್ರತಿ ಪೆಟ್ಟಿಗೆಯ ಬಗ್ಗೆಯೂ ಗಂಡನನ್ನು ಪೀಡಿಸಿ ಕೇಳಿ ತಿಳಿದಿದ್ದಳು.

ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅರಮನೆಗೆ ನಡೆದಳು.

ಅವಳ ಮುಂದೆ ಇಬ್ಬರಿದ್ದರು. ರಾಜಕುಮಾರಿ ಮೊದಲ ಒಗಟು ಹಾಕಿದಳು. "ಎಣಿಕೆಯನ್ನಷ್ಟೇ ತಿನ್ನುತ್ತಾನೆ, ಎಣಿಸಲಾಗದ ಹರಿವನ್ನು ಹೊರಗೆ ಬಿಡುತ್ತಾನೆ. ಅವನು ಸತ್ತರೆ ಒಳಗಿನ ಜಾಣನ ಮಾತು ಹೊರಗಿನ ದುಡಿಮೆಗಾರನಿಗೆ ತಲುಪುವುದಿಲ್ಲ. ಯಾರವನು?"

ಪಾಳೆಯಗಾರನ ಮಗ ಮೀಸೆ ತಿರುವಿ, ಹೊಳೆ ಎಂದ. ಅವನನ್ನು ಎಳೆದೊಯ್ದರು. ಆಸ್ಥಾನದ ಶಾಸ್ತ್ರಿಗಳು ಗಂಟೆಗಟ್ಟಲೆ ಯೋಚಿಸಿ, ಕಾಲಪುರುಷ ಎಂದರು. ಅವರನ್ನೂ ಎಳೆದೊಯ್ದರು. ಉತ್ತರ ತಪ್ಪಿದ್ದಕ್ಕೆ ತಲೆ ತೆಗೆಯುವ ಈ ಆಟ ನೋಡಿ ಚೆನ್ನಾಜಿಗೆ ಮೈಯೆಲ್ಲ ಉರಿಯಿತು.

"ಗುಡಿಸುವುದಕ್ಕೆ ಬಂದೆಯೇನಮ್ಮ? ಇನ್ನೂ ಹೊತ್ತಿದೆ" ಎಂದ ಮಂತ್ರಿ. ಸಭೆ ನಕ್ಕಿತು.

"ನಿಮ್ಮ ಗಿರಣಿಯ ಪೆಟ್ಟಿಗೆಯಲ್ಲಿರುವ ಹಸಿರು ಕಾರ್ಡು, ಅಮ್ಮಣ್ಣಿ" ಎಂದಳು ಚೆನ್ನಾಜಿ, ಮಂತ್ರಿಯ ಕಡೆ ತಿರುಗಿಯೂ ನೋಡದೆ. ಒಳಗಿನ ಜಾಣ ಎಂದರೆ ಕಂಟ್ರೋಲ್ ರೂಮಿನ ಕಂಪ್ಯೂಟರು, ಅದಕ್ಕೆ ಅಂಕಿ ಬಿಟ್ಟು ಬೇರೆ ಭಾಷೆ ಬಾರದು. ವಾಲ್ವಿಗೆ ಅಂಕಿ ತಿಳಿಯದು, ಅದಕ್ಕೆ ಕರೆಂಟಿನ ಹರಿವು ಬೇಕು. ಅಂಕಿ ತಿಂದು ಅದಕ್ಕೆ ತಕ್ಕಷ್ಟೇ ಕರೆಂಟನ್ನು ತಂತಿಗೆ ಬಿಡುವುದು ಆ ಕಾರ್ಡು ಎಂದು ಬಿಡಿಸಿ ಹೇಳಿದಳು. ನಗು ನಿಂತಿತು.

ರಾಜಕುಮಾರಿ ನೆಟ್ಟಗೆ ಕೂತು ಎರಡನೆಯದನ್ನು ಕೇಳಿದಳು. "ಒಂದೇ ದಾರಿ. ಒಬ್ಬ ಹೊರೆ ಹೊತ್ತು ನಿಧಾನಕ್ಕೆ ನಡೆಯುತ್ತಾನೆ. ಇನ್ನೊಬ್ಬ ಅವನ ಹೆಗಲೇರಿ ಕುಣಿಯುತ್ತ ಸುದ್ದಿ ಹೇಳುತ್ತಾನೆ. ಆದರೂ ಹೊರೆ ಕೂದಲಷ್ಟೂ ಹೆಚ್ಚುವುದಿಲ್ಲ. ಹೇಗೆ?"

ಹೊರೆ ಹೊತ್ತವನು ವಾಲ್ವಿನ ಕರೆಂಟು, ಕುಣಿಯುವವನು ಅದೇ ತಂತಿಯ ಸಣ್ಣ ನಡುಕ ಎಂದಳು ಚೆನ್ನಾಜಿ. ವಾಲ್ವು ತನ್ನ ಹೆಸರು, ತನ್ನ ನೋವು ಹೇಳಿಕೊಳ್ಳುವುದು ಆ ನಡುಕದಲ್ಲೇ. "ತೊಟ್ಟಿಲು ಎಷ್ಟು ಮುಂದೆ ಹೋಗುತ್ತೋ ಅಷ್ಟೇ ಹಿಂದೆ ಬರುತ್ತೆ. ಎಷ್ಟು ತೂಗಿದರೂ ಮನೆಯ ಇನ್ನೊಂದು ಮೂಲೆಗೆ ಹೋಗಿಬಿಡುತ್ತಾ? ನಡುಕವೂ ಮೇಲೆ ಹೋದಷ್ಟೇ ಕೆಳಗಿಳಿಯುತ್ತೆ. ಕೂಡಿದರೆ ಏನೂ ಉಳಿಯಲ್ಲ."

ಮೂರನೆಯದಕ್ಕೆ ರಾಜಕುಮಾರಿಯ ದನಿ ತಗ್ಗಿತ್ತು. "'ಪೂರ್ತಿ ತೆರೆ' ಎನ್ನಲು ಇಪ್ಪತ್ತು ಹೆಜ್ಜೆ ನಡೆಯುವ ದೂತ, 'ಪೂರ್ತಿ ಮುಚ್ಚು' ಎನ್ನಲಿಕ್ಕೂ ನಾಲ್ಕು ಹೆಜ್ಜೆ ನಡೆಯುತ್ತಾನೆ. ಅವನು ಒಂದು ಹೆಜ್ಜೆಯನ್ನೂ ಇಡದಿದ್ದರೆ ಏನು ಹೇಳುತ್ತಿದ್ದಾನೆ?"

"ಏನೂ ಹೇಳುತ್ತಿಲ್ಲ, ಅಮ್ಮಣ್ಣಿ. ದಾರಿಯೇ ಕಡಿದಿದೆ." ದೂತನೆಂದರೆ ತಂತಿಯ ಕರೆಂಟು. ಅದನ್ನು ಅಳೆಯುವ ಮೀಟರಿನ ಮುಳ್ಳು ನಾಲ್ಕರಲ್ಲಿ ನಿಂತರೆ ಯಾರೋ ಮುಚ್ಚು ಎಂದಿದ್ದಾರೆ ಎಂದರ್ಥ. ಸೊನ್ನೆಗೆ ಬಿದ್ದರೆ ಯಾರೂ ಏನೂ ಅಂದಿಲ್ಲ, ಎಲ್ಲೋ ತಂತಿ ಹರಿದಿದೆ. ಆಗ ವಾಲ್ವು ತನ್ನ ಸ್ಪ್ರಿಂಗಿನ ಬಲಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚು ಎನ್ನುವುದನ್ನೂ ತಂತಿ ಹರಿದಿರುವುದನ್ನೂ ಬೇರೆ ಬೇರೆಯಾಗಿ ತಿಳಿಯಲೆಂದೇ ಹಿಂದಿನವರು ಲೆಕ್ಕವನ್ನು ಸೊನ್ನೆಯ ಬದಲು ನಾಲ್ಕರಿಂದ ಶುರು ಮಾಡಿದ್ದು.

ರಾಜಕುಮಾರಿ ಮೂರೂ ಸರಿ ಎಂದು ಒಪ್ಪಿ, ಬೀಗದ ಕೈ ಗೊಂಚಲನ್ನು ಅವಳ ಕೈಗಿಟ್ಟು, ಏನು ಬೇಕೋ ಕೇಳು ಎಂದಳು.

"ಮೊದಲು ನನ್ನ ಗಂಡನ ತೀರ್ಪಿನ ಪುಸ್ತಕ ಓದಿಸಿ. ಆಮೇಲೆ ಕೇಳುತ್ತೇನೆ."

ಮಂತ್ರಿ ಬೇಡವೆಂದ. ರಾಜಕುಮಾರಿ ತರಿಸಿದಳು. ಕರಣಿಕ ಓದಿದ: ಆವಿ ನಿಂತ ಹೊತ್ತಿನಲ್ಲಿ ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು, ಆದುದರಿಂದ ಸಿದ್ಲಿಂಗನೇ ವಾಲ್ವು ಮುಚ್ಚಿಸಿದ್ದು ರುಜುವಾತಾಗಿದೆ. ಕೆಳಗೆ ರಾಜಕುಮಾರಿಯ ಮುದ್ರೆ.

ರಾಜಕುಮಾರಿ ಕೈಸನ್ನೆ ಮಾಡಿದಳು. ಸಿದ್ಲಿಂಗನನ್ನು ಬಿಡುಗಡೆ ಮಾಡಿ ಕರೆತರಲು ಆಗಲೇ ಆಳು ಓಡಿದ. ಮಂತ್ರಿಯ ಕಡೆ ನೋಡುತ್ತಿದ್ದವರೆಲ್ಲ ಮೆಲ್ಲಗೆ ಸಿಂಹಾಸನದ ಕಡೆ ತಿರುಗಿದರು. ಬೆನ್ನ ಮೇಲಿನ ಕೂಸು ಎದ್ದು ರಚ್ಚೆ ಹಿಡಿದರೂ ಚೆನ್ನಾಜಿ ನಿಂತಲ್ಲಿಂದ ಕದಲಲಿಲ್ಲ.

"ನನ್ನ ಗಂಡ ಬರುತ್ತಾನೆ, ಸರಿ. ಅದು ನ್ಯಾಯ, ಅದನ್ನು ಬಹುಮಾನ ಅಂತ ನಾನು ಎಣಿಸಲ್ಲ. ಬಹುಮಾನಕ್ಕೆ ಒಂದು ಮಾತು ಕೇಳುತ್ತೇನೆ, ಅಮ್ಮಣ್ಣಿ. ಮೂರನೇ ಒಗಟನ್ನು ಕಟ್ಟಿದವರು ನೀವು. ಈ ಮುದ್ರೆ ಒತ್ತಿದವರೂ ನೀವೇ."

ರಾಜಕುಮಾರಿ ತಲೆ ತಗ್ಗಿಸಿದಳು.

"ಒತ್ತುವಾಗ ಉತ್ತರ ನಿಮಗೆ ಗೊತ್ತಿತ್ತಲ್ಲ?"