ಕುದುರೆಮರಿಗೆ ಹುಚ್ಚೀರಪ್ಪ ಪಾಠ ಹೇಳಿದ್ದು

ಒಂದಾನೊಂದು ಊರಿನಲ್ಲಿ, ಊರು ಎಲ್ಲಿತ್ತು ಅಂತ ಕೇಳಬೇಡಿ, ಸೋಮವಾರ ಇದ್ದ ಕಡೆ ಅದು ಮಂಗಳವಾರ ಇರುತ್ತಿರಲಿಲ್ಲ, ಒಬ್ಬ ರಾಜ ಇದ್ದ. ಅವನಿಗೆ ರಾಜ್ಯದ ಚಿಂತೆ ಇರಲಿಲ್ಲ, ಪೇಟದ ಚಿಂತೆ. ಉಂಡರೂ ಪೇಟ ಅಲುಗಬಾರದು, ಸೀನಿದರೂ ಅಲುಗಬಾರದು.

ಅವನ ಲಾಯದಲ್ಲೊಂದು ಕುದುರೆಮರಿ. ಪಳಗಿಸುವವನು ಮುದುಕ ಹುಚ್ಚೀರಪ್ಪ.

"ದೀಪಾವಳಿಯೊಳಗ ನನ್ನ ಪೇಟ ಅಲುಗದಂಗ ನಡಿಯೋದು ಕಲಿಸು," ಅಂದ ರಾಜ. "ಇಲ್ಲಂದ್ರ ಇದನ್ನ ಗಾಣಕ್ಕ ಕಟ್ಟತೇನಿ."

ತಾಯಿ ಸತ್ತ ಮರಿ ಅದು. ಹುಚ್ಚೀರಪ್ಪನೇ ಹಾಲು ಕುಡಿಸಿ ಸಾಕಿದ್ದ.

ಅವನು ಜೀನು ತಂದ. ಮರಿ ಹಿಂದೆ ಸರಿಯಿತು.

"ಏನಜ್ಜಾ ಅದು?"

"ಜೀನು. ಬೆನ್ನ ಮ್ಯಾಲೆ ಹಾಕ್ಕೋಬೇಕು."

"ನೀ ಮೊದ್ಲ ಹಾಕ್ಕೊಂಡು ತೋರ್ಸು."

ಆ ಊರಿನ ರಿವಾಜೇ ಹಾಗೆ. ಕಲಿಸುವವನು ಮಾಡಿ ತೋರಿಸಬೇಕು. ಹುಚ್ಚೀರಪ್ಪ ಜೀನು ಬಿಗಿದುಕೊಂಡ. "ಎಲುಬು ಚುಚ್ಚತಾವ," ಅಂತ ಜೀನು ಗೊಣಗಿತು. ಆಮೇಲೆ ಕಡಿವಾಣ. "ನೀ ಮೊದ್ಲ." ಕಚ್ಚಿಕೊಂಡ. ಆಮೇಲೆ ಹುರುಳಿ. "ನೀ ಮೊದ್ಲ." ತಿಂದ. ಆಮೇಲೆ ಲಾಳ. ಅದನ್ನು ಹೇಳಲಾರೆ, ಮಕ್ಕಳು ಕೂತಿದ್ದಾರೆ.

ದೀಪಾವಳಿ ಬಂತು.

"ರಾಜನ್ನ ಹೊರೋದು ಹೆಂಗಜ್ಜಾ?"

ಹುಚ್ಚೀರಪ್ಪ ಅಂಬೆಗಾಲಲ್ಲಿ ನಿಂತ. ರಾಜ ಹತ್ತಿ ಕೂತ. ಮುದುಕ ಎಷ್ಟು ನಿಧಾನ ನಡೆದನೆಂದರೆ ಪೇಟ ಅಲುಗಲೇ ಇಲ್ಲ.

ರಾಜನಿಗೆ ಖುಷಿಯೋ ಖುಷಿ. "ನನಗ ಇವನ ಸಾಕು. ಮರೀನ ಗಾಣಕ್ಕ ಕಳಸ್ರಿ."

ಮಾಡಹೋದದ್ದೇನು, ಆದದ್ದೇನು. ಬಾಯಲ್ಲಿ ಕಡಿವಾಣ, ಹುಚ್ಚೀರಪ್ಪನಿಗೆ ಮಾತೇ ಹೊರಡಲಿಲ್ಲ. ಕಣ್ಣೀರು ಮಾತ್ರ ಹೊರಟಿತು.

ಮರಿ ಅದನ್ನು ನೋಡಿತು. ಅದಕ್ಕೆ ತಡೆಯಲಾಗಲಿಲ್ಲ.

"ಮಹಾರಾಜ್ರ, ಕೆಳಗ ಇಳೀರಿ. ಅಜ್ಜನ ಮೊಣಕಾಲು ನಡಗಾಕತ್ಯಾವ. ನಾ ಹೊರತೇನಿ."

"ಪೇಟ ಅಲುಗಿದ್ರ?"

"ಅಲುಗದಂಗ ಕುಂದರೋದು ನೀವು ಮೊದ್ಲ ತೋರಸ್ರಿ."

ರಿವಾಜು ರಾಜನಿಗೂ ರಿವಾಜೇ. ಅವನು ಮರಿಯ ಮೇಲೆ ಉಸಿರು ಬಿಗಿಹಿಡಿದು ಕೂತ. ಮರಿ ಒಂದೇ ಹೆಜ್ಜೆ ಇಟ್ಟಿತು. ಪೇಟ ಕೆಳಗೆ ಬಿದ್ದು ಉರುಳಿ ಚರಂಡಿ ಸೇರಿತು.

ರಾಜ ತಲೆ ಮುಟ್ಟಿ ನೋಡಿಕೊಂಡ. ಹುಟ್ಟಿದಾಗಿನಿಂದ ಆ ತಲೆಗೆ ಗಾಳಿ ತಾಗಿರಲಿಲ್ಲ.

"ತಣ್ಣಗೈತಿ," ಅಂದ. ಪೇಟವೇ ಇಲ್ಲದ ಮೇಲೆ ಅಲುಗುವುದೇನು? ಮರಿ ಪಾಸಾಯಿತು. ಗಾಣಕ್ಕೆ ಎತ್ತನ್ನೇ ಕಟ್ಟಿದರು.

ಸಂಜೆ ಮನೆಗೆ ಹೊರಟ ಹುಚ್ಚೀರಪ್ಪನ ಮುಂದೆ ಮರಿ ಬೆನ್ನು ತಗ್ಗಿಸಿ ನಿಂತಿತು.

"ಹತ್ತಜ್ಜಾ."

"ಬೀಳಸ್ತೀಯೇನೋ?"

"ನನಗೂ ಗೊತ್ತಿಲ್ಲ. ಹತ್ತಿ ನೋಡು."

ಮುದುಕ ಹತ್ತಿದ. ಮರಿ ಬೀಳಿಸಲಿಲ್ಲ. ಅವನು ಕುದುರೆ ಮೇಲೆ ಮನೆ ಸೇರಿದ, ನಾನು ಕತೆ ಹೊತ್ತು ನಡೆದುಕೊಂಡೇ ಬಂದೆ.