ಮಾತಿನ ಕೋಣೆಗೆ ಬಂದ ಕಾರ್ಯದರ್ಶಿ

ಆ ಹೈಸ್ಕೂಲಿನಲ್ಲಿ ‘ಮಾತಿನ ಕೋಣೆ’ ಅಂತ ಒಂದಿತ್ತು. ಮನಸ್ಸು ಭಾರವಾದ ಮಕ್ಕಳು ಯಾರನ್ನೂ ಕೇಳದೆ ಒಳಗೆ ಹೋಗಿ, ವಿಮಲಾಕ್ಷಿ ಟೀಚರ ಹತ್ತಿರ ಹೇಳಿಕೊಂಡು ಹಗುರಾಗಿ ಬರುತ್ತಿದ್ದರು. ಶಾಲೆಯಲ್ಲಿ ಗಾಳಿ ಚೆನ್ನಾಗಿ ಬರುವ ಕೋಣೆ ಅದೊಂದೇ. ಶಾಲೆಯ ಆಡಳಿತ ಮಂಡಳಿಗೆ ಬಂದ ಹೊಸ ಕಾರ್ಯದರ್ಶಿ ರುದ್ರಮುನಿಯಪ್ಪನವರ ಕಣ್ಣು ಅದರ ಮೇಲೆ ಬಿತ್ತು.

“ಅಳೋದಕ್ಕೂ ಒಂದು ಕೋಣೆಯೇ? ನಾಳೆಯಿಂದ ಅದು ನನ್ನ ಆಫೀಸು,” ಎಂದರು. ಟೀಚರ್ ಸಪ್ಪಗಾದರು.

ಶಾಲೆಯ ಆಯಾ ಮಾತ್ರ “ಆಗಲಿ ಯಜಮಾನ್ರೇ” ಎಂದು ಕೋಣೆ ಗುಡಿಸಿ ಕೊಟ್ಟಳು. ಆಮೇಲೆ ಮಕ್ಕಳಿಗೆ ಹೇಳಿದಳು: “ನಾಳೆಯಿಂದ ದೊಡ್ಡ ಸಾಹೇಬ್ರೇ ಕೂತ್ಕೋತಾರೆ. ಯಾವಾಗಿನ ಹಾಗೇ ಹೋಗ್ರಪ್ಪ.”

ಮರುದಿನ ಬೆಳಗ್ಗೆಯೇ ಒಬ್ಬಳು ಬಂದು ಬಿಕ್ಕಿಬಿಕ್ಕಿ ಅತ್ತಳು. ಇಬ್ಬರು ಜಗಳದ ನ್ಯಾಯ ತಂದರು. ಬಾಗಿಲಾಚೆ ಸಾಲು ಬೆಳೆಯಿತು. ಕಾರ್ಯದರ್ಶಿಗಳು ಗದರೋಣವೆಂದರೆ, ಗೇಟಿನ ಮೇಲೆ ತಾವೇ ಬರೆಸಿದ್ದ ‘ಅಂಕಕ್ಕಿಂತ ಮಗು ದೊಡ್ಡದು’ ಎಂಬ ಮಾತು ಕಿಟಕಿಯಲ್ಲಿ ಕಾಣುತ್ತಿತ್ತು.

ಮಧ್ಯಾಹ್ನ ಅವರು ಬೆವರೊರೆಸಿಕೊಳ್ಳುತ್ತ ಹೊರಬಂದರು. “ಕೋಣೆ ಟೀಚರಿಗೇ ಇರಲಿ.”

“ಯಾಕೆ ಯಜಮಾನ್ರೇ, ಗಾಳಿ ಬರಲಿಲ್ವಾ?”

“ಗಾಳಿ ಬಂತು. ಗಣಿತದಲ್ಲಿ ಫೇಲಾದೆ ಅಂತ ಅಳ್ತಾ ಕೊನೆಗೆ ಬಂದ ಹುಡುಗಿ, ‘ನೀವು ಎಷ್ಟು ಸಲ ಫೇಲಾಗಿದ್ರಿ ಸರ್’ ಅಂತ ಕೇಳಿದ್ಲು.”

“ಏನಂದ್ರಿ?”

“ಪುಣ್ಯಕ್ಕೆ ಊಟದ ಬೆಲ್ ಹೊಡೀತು. ಉಂಡು ಬರ್ತೀನಿ ಅಂದಿದ್ದಾಳೆ. ಅಷ್ಟರೊಳಗೆ ಟೀಚರನ್ನ ತಂದು ಕೂರಿಸು ತಾಯಿ.”